ಅಮೆರಿಕದಲ್ಲಿ ಪ್ರೀಮೆಡ್ ಓದು: ಕಾಲೇಜು, ಮೇಜರ್, ಅರ್ಜಿಯ ವರ್ಷ, ಇವುಗಳ ಆಯ್ಕೆ ಹೇಗೆ

ಕರ್ನಾಟಕದಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದು ಸೀಟು ಪಡೆದವರು ಹದಿನೆಂಟರ ಆಸುಪಾಸಿನಲ್ಲೇ ಎಂಬಿಬಿಎಸ್ ತರಗತಿಗೆ ಕಾಲಿಡುತ್ತಾರೆ. ಅಮೆರಿಕದಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗೆ ಈ ದಾರಿ ಇಲ್ಲ. ಅಲ್ಲಿ ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ನಾಲ್ಕು ವರ್ಷದ ವೈದ್ಯಕೀಯ ಶಾಲೆ, ಅದರ ನಂತರ ಮೂರರಿಂದ ಏಳು ವರ್ಷಗಳ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಪಡೆಯುವ ತರಬೇತಿ. ನಮ್ಮಲ್ಲಿ ಸ್ನಾತಕೋತ್ತರ ಪದವಿಯಾಗಿರುವ ಎಂ.ಡಿ. ಅಲ್ಲಿ ವೈದ್ಯರಾಗುವವರ ಮೊದಲ ವೈದ್ಯಕೀಯ ಪದವಿ. ಪ್ರೀಮೆಡ್ ಎನ್ನುವುದು ಯಾವುದೇ ಪದವಿಯ ಹೆಸರಲ್ಲ; ಪದವಿಯ ಮುಖ್ಯ ವಿಷಯ (ಮೇಜರ್) ಯಾವುದಾಗಿದ್ದರೂ ವೈದ್ಯಕೀಯ ಶಾಲೆ ಕೇಳುವ ಕೋರ್ಸುಗಳನ್ನು ಮುಗಿಸಿ, ಆ ಶಾಲೆಗಳ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್ ಬರೆದು, ಆಸ್ಪತ್ರೆಯ ಅನುಭವ ಗಳಿಸಿ, ಅರ್ಜಿಗೆ ಸಿದ್ಧರಾಗುವ ಅವಧಿಯನ್ನು ಹಾಗೆ ಕರೆಯುತ್ತಾರೆ.

2023ರಲ್ಲಿ ಅಮೆರಿಕದ ಎಂ.ಡಿ. ಶಾಲೆಗಳಿಗೆ ಅರ್ಜಿ ಹಾಕಿದವರು ಸುಮಾರು 52,500 ಮಂದಿ; ಅವರಲ್ಲಿ ಸೇರಿದವರು ಸುಮಾರು 23,000. ಸೇರಿದವರ ಸರಾಸರಿ ಜಿಪಿಎ (ಕಾಲೇಜಿನ ಗ್ರೇಡುಗಳ ಸರಾಸರಿ) 4ಕ್ಕೆ ಸುಮಾರು 3.77 ಮತ್ತು ಸರಾಸರಿ ಎಂಕ್ಯಾಟ್ ಅಂಕ 528ಕ್ಕೆ 511ಕ್ಕೂ ಮೇಲಿತ್ತು. ಎಂದರೆ, ಅರ್ಜಿ ಹಾಕುವ ಹಂತದವರೆಗೆ ಬಂದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಆ ವರ್ಷ ಬರಿಗೈಯಲ್ಲಿ ಉಳಿದರು. ಈ ಸ್ಥಿತಿಯಲ್ಲಿ ಪ್ರತಿ ಕವಲಿನಲ್ಲೂ ಕುಟುಂಬಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಯಾವ ದಾರಿ ಬೇಗ ಮುಗಿಯುತ್ತದೆ ಅಥವಾ ಯಾವುದಕ್ಕೆ ಹೆಚ್ಚು ಹೆಸರಿದೆ ಎಂಬುದು. ನಾನು ಮುಂದಿಡುವ ಪ್ರಶ್ನೆ ಬೇರೆ: ಒಂದು ಸೆಮಿಸ್ಟರ್ ಕೆಟ್ಟರೆ, ಒಂದು ಪರೀಕ್ಷೆ ತಪ್ಪಿದರೆ, ಇಪ್ಪತ್ತನೆಯ ವಯಸ್ಸಿನಲ್ಲಿ ಮನಸ್ಸು ಬದಲಾದರೆ, ಯಾವ ದಾರಿಯಲ್ಲಿ ಚೇತರಿಸಿಕೊಳ್ಳಲು ಜಾಗ ಉಳಿದಿರುತ್ತದೆ? ಮುಂದಿನ ಹೋಲಿಕೆಗಳೆಲ್ಲ ಈ ಅಳತೆಗೋಲನ್ನೇ ಹಿಡಿದಿವೆ.

ಹೆಸರಾಂತ ಕಾಲೇಜೋ, ರಾಜ್ಯದ ವಿಶ್ವವಿದ್ಯಾಲಯವೋ

ಬಹುತೇಕ ಮನೆಗಳಲ್ಲಿ ಅತಿ ಹೆಚ್ಚು ಚರ್ಚೆಯಾಗುವುದು ಇದೇ, ಮತ್ತು ಅತಿ ಹೆಚ್ಚು ಹಣ ವ್ಯರ್ಥವಾಗುವುದೂ ಇಲ್ಲೇ. ಎಂ.ಡಿ. ಶಾಲೆಗಳ ಸಾಮಾನ್ಯ ಅರ್ಜಿ ವ್ಯವಸ್ಥೆಯಾದ ಆಮ್‌ಕ್ಯಾಸ್, ವಿದ್ಯಾರ್ಥಿಯ ಎಲ್ಲ ಕಾಲೇಜು ಕೋರ್ಸುಗಳ ಗ್ರೇಡುಗಳನ್ನು ತಾನೇ ಮತ್ತೆ ಲೆಕ್ಕ ಹಾಕುತ್ತದೆ. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಮತ್ತು ಗಣಿತಕ್ಕೆ ಒಂದು ಪ್ರತ್ಯೇಕ ಜಿಪಿಎ, ಎಲ್ಲ ಸೇರಿಸಿ ಇನ್ನೊಂದು. ಕಠಿಣ ಕಾಲೇಜಿನ ಬಿ ಗ್ರೇಡಿಗೆ ಆ ಲೆಕ್ಕದಲ್ಲಿ ಯಾವ ರಿಯಾಯಿತಿಯೂ ಇಲ್ಲ. ಒಂದು ಕೋರ್ಸನ್ನು ಎರಡನೆಯ ಬಾರಿ ತೆಗೆದುಕೊಂಡು ಎ ಪಡೆದರೂ ಮೊದಲ ಗ್ರೇಡು ಅಳಿಸಿಹೋಗದೆ ಎರಡೂ ಸೇರುತ್ತವೆ. ಹೈಸ್ಕೂಲಿನಲ್ಲಿರುವಾಗಲೇ ಸಮುದಾಯ ಕಾಲೇಜಿನಲ್ಲಿ ಹಗುರವಾಗಿ ತೆಗೆದುಕೊಂಡ ಕೋರ್ಸಿನ ಗ್ರೇಡು ಕೂಡ ಇದರಲ್ಲಿ ಸೇರುತ್ತದೆ ಎಂಬುದು ಎಷ್ಟೋ ಪೋಷಕರಿಗೆ ತಡವಾಗಿ ತಿಳಿಯುವ ಸಂಗತಿ. ಆ ಕೋರ್ಸುಗಳನ್ನು ಆಯ್ದುಕೊಳ್ಳುವಾಗಲೇ ಇದನ್ನು ನೆನಪಿಡಬೇಕು.

ಪ್ರವೇಶ ಸಮಿತಿಗಳು ಕಾಲೇಜಿನ ಹೆಸರನ್ನು ನೋಡುವುದೇ ಇಲ್ಲ ಎಂದು ಹೇಳುವುದೂ ಸರಿಯಲ್ಲ. ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯದಲ್ಲಿ ಪ್ರಯೋಗಾಲಯದ ಅವಕಾಶಗಳು ಹೆಚ್ಚು, ಪಕ್ಕದಲ್ಲೇ ಬೋಧನಾ ಆಸ್ಪತ್ರೆ ಇರುವ ಸಾಧ್ಯತೆಯೂ ಹೆಚ್ಚು. ಆದರೆ ಈ ಅನುಕೂಲಗಳು ರಾಜ್ಯದ ಮುಖ್ಯ ವಿಶ್ವವಿದ್ಯಾಲಯಗಳಲ್ಲೂ ಸಿಗುತ್ತವೆ, ಬಹಳ ಕಡಿಮೆ ಶುಲ್ಕದಲ್ಲಿ. ಅಲ್ಲಿನ ನಿಜವಾದ ಕೊರತೆ ಬೇರೆಯದು. ಮೊದಲ ವರ್ಷದ ರಸಾಯನಶಾಸ್ತ್ರದ ತರಗತಿಯಲ್ಲಿ ನೂರಾರು ಮಂದಿ ಕೂತಿರುವಾಗ, ಹೆಸರು ಹಿಡಿದು ಗುರುತಿಸುವ ಒಬ್ಬ ಪ್ರಾಧ್ಯಾಪಕರೂ ಸಿಗದೆ, ಮೂರನೆಯ ವರ್ಷದಲ್ಲಿ ಶಿಫಾರಸು ಪತ್ರಕ್ಕಾಗಿ ಪರದಾಡಬೇಕಾಗುತ್ತದೆ. ಆನರ್ಸ್ ಕಾಲೇಜಿನ ಸಣ್ಣ ತರಗತಿಗಳು, ಪ್ರಾಧ್ಯಾಪಕರ ಆಫೀಸ್ ಅವರ್ಸ್‌ಗೆ ನಿಯಮಿತವಾಗಿ ಹೋಗುವ ಅಭ್ಯಾಸ, ಒಂದೇ ಪ್ರಯೋಗಾಲಯದಲ್ಲಿ ಎರಡು ವರ್ಷ ನೆಲೆ ನಿಲ್ಲುವುದು, ಇವು ಆ ಕೊರತೆಯನ್ನು ತುಂಬುತ್ತವೆ. ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ ಇದು ತಾನಾಗಿಯೇ ಆಗುತ್ತದೆ. ಅಲ್ಲಿ ಕೇಳಬೇಕಾದದ್ದು ಆಸ್ಪತ್ರೆ ಎಷ್ಟು ದೂರ, ಕಾರಿಲ್ಲದ ವಿದ್ಯಾರ್ಥಿ ಅಲ್ಲಿಗೆ ಹೋಗಿಬರುವುದು ಹೇಗೆ ಎಂದು.

ಕ್ಯಾಂಪಸ್ ನೋಡಲು ಹೋದಾಗ ಕಾಲೇಜಿನವರು ತಮ್ಮ ವಿದ್ಯಾರ್ಥಿಗಳಲ್ಲಿ ಇಂತಿಷ್ಟು ಶೇಕಡಾ ವೈದ್ಯಕೀಯ ಶಾಲೆ ಸೇರಿದರು ಎಂದು ಹೆಮ್ಮೆಯಿಂದ ಹೇಳುತ್ತಾರೆ. ಆ ಸಂಖ್ಯೆಯನ್ನು ಕೇಳಿ ಸುಮ್ಮನಾಗಬಾರದು. ಮೊದಲ ವರ್ಷದಲ್ಲಿ ಪ್ರೀಮೆಡ್ ಎಂದುಕೊಂಡವರು ಎಷ್ಟು, ಅವರಲ್ಲಿ ಅರ್ಜಿಯವರೆಗೆ ಬಂದವರು ಎಷ್ಟು ಎಂದು ಕೇಳಬೇಕು. ಕೆಲವು ಕಾಲೇಜುಗಳು ವಿದ್ಯಾರ್ಥಿಯ ಪರವಾಗಿ ಪ್ರೀಮೆಡ್ ಸಮಿತಿಯ ಶಿಫಾರಸು ಪತ್ರವನ್ನು ನೀಡುತ್ತವೆ; ಜಿಪಿಎ ಕಡಿಮೆ ಇದ್ದವರಿಗೂ ಆ ಪತ್ರ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಬರುವ ಉತ್ತರ ಬಹಳಷ್ಟನ್ನು ತಿಳಿಸುತ್ತದೆ.

ಹಣದ ಲೆಕ್ಕ ಈಚೆಗೆ ಇನ್ನಷ್ಟು ಬಿಗಿಯಾಗಿದೆ. 2025ರ ಜುಲೈನಲ್ಲಿ ಜಾರಿಗೆ ಬಂದ ಫೆಡರಲ್ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ, ಓದಿನ ಪೂರ್ತಿ ಖರ್ಚಿನವರೆಗೂ ಸಿಗುತ್ತಿದ್ದ ಗ್ರ್ಯಾಡ್ ಪ್ಲಸ್ ಎಂಬ ಫೆಡರಲ್ ಸಾಲ ಇರುವುದಿಲ್ಲ. ವೈದ್ಯಕೀಯದಂಥ ವೃತ್ತಿಪರ ಪದವಿಗಳಿಗೆ ಫೆಡರಲ್ ಸಾಲದ ಮಿತಿ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್. ಹಲವು ಖಾಸಗಿ ವೈದ್ಯಕೀಯ ಶಾಲೆಗಳ ನಾಲ್ಕು ವರ್ಷದ ಒಟ್ಟು ಖರ್ಚು ಇದನ್ನು ಮೀರುತ್ತದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗ್ರಾಸ್‌ಮನ್ ಶಾಲೆ 2018ರಲ್ಲಿ, ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜು 2024ರಲ್ಲಿ ಬೋಧನಾ ಶುಲ್ಕವನ್ನು ಪೂರ್ತಿ ಮನ್ನಾ ಮಾಡಿದ್ದು ನಿಜ, ಆದರೆ ಅಲ್ಲಿ ಸೀಟು ಸಿಗುತ್ತದೆಂದು ನಂಬಿ ಕುಟುಂಬದ ಯೋಜನೆ ಮಾಡಲಾಗದು. ಆದ್ದರಿಂದ ನನ್ನ ತೀರ್ಮಾನ ಸ್ಪಷ್ಟ: ಹೆಸರಾಂತ ಖಾಸಗಿ ಕಾಲೇಜು ದೊಡ್ಡ ಆರ್ಥಿಕ ನೆರವು ಕೊಡದಿದ್ದರೆ, ಪದವಿಗೆ ರಾಜ್ಯದ ವಿಶ್ವವಿದ್ಯಾಲಯವನ್ನು ಆರಿಸಿ, ಉಳಿದ ಹಣವನ್ನು ವೈದ್ಯಕೀಯ ಶಾಲೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ವಾಸಿಸುವ ರಾಜ್ಯವೂ ಲೆಕ್ಕಕ್ಕೆ ಬರುತ್ತದೆ. ಟೆಕ್ಸಾಸ್‌ನ ಸರ್ಕಾರಿ ವೈದ್ಯಕೀಯ ಶಾಲೆಗಳು ಹತ್ತರಲ್ಲಿ ಒಂಬತ್ತು ಸೀಟುಗಳನ್ನು ತಮ್ಮ ರಾಜ್ಯದವರಿಗೇ ಕೊಡುತ್ತವೆ, ಶುಲ್ಕವೂ ಕಡಿಮೆ. ಕ್ಯಾಲಿಫೋರ್ನಿಯಾದ ಅರ್ಜಿದಾರರಲ್ಲಿ ಸೀಟು ಪಡೆಯುವ ಬಹುಪಾಲು ಮಂದಿ ಹೊರರಾಜ್ಯಕ್ಕೇ ಹೋಗಬೇಕಾಗುತ್ತದೆ.

ಹದಿನೇಳರಲ್ಲೇ ಸೀಟು ಕಾದಿರಿಸುವ ದಾರಿ

ಹೈಸ್ಕೂಲಿನಿಂದಲೇ ಪದವಿ ಮತ್ತು ವೈದ್ಯಕೀಯ ಎರಡಕ್ಕೂ ಒಟ್ಟಿಗೆ ಪ್ರವೇಶ ಕೊಡುವ ಸಂಯುಕ್ತ ಕೋರ್ಸುಗಳು ನಮ್ಮ ಜನರಿಗೆ ಬಹಳ ಪ್ರಿಯ, ಏಕೆಂದರೆ ಅವು ಊರಿನ ಎಂಬಿಬಿಎಸ್ ಪದ್ಧತಿಗೆ ಹತ್ತಿರ. ಬ್ರೌನ್ ವಿಶ್ವವಿದ್ಯಾಲಯದ ಎಂಟು ವರ್ಷಗಳ ಕೋರ್ಸು ಎಂಕ್ಯಾಟ್ ಕೇಳುವುದಿಲ್ಲ ಮತ್ತು ವಿದ್ಯಾರ್ಥಿಗೆ ಇಷ್ಟಬಂದ ವಿಷಯವನ್ನು ಓದಲು ಬಿಡುತ್ತದೆ. ಮಿಸೂರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಶಾಖೆಯಲ್ಲಿ 1971ರಿಂದ ನಡೆಯುತ್ತಿರುವ ಕೋರ್ಸು ಆರೇ ವರ್ಷದ್ದು. ಎರಡೂ ಒಂದೇ ಹೆಸರಿನಡಿ ಬಂದರೂ ಸ್ವಭಾವದಲ್ಲಿ ತೀರ ಬೇರೆ: ಮೊದಲನೆಯದು ಚಿಂತೆಯನ್ನು ಕಡಿಮೆ ಮಾಡಿ ಓದನ್ನು ವಿಸ್ತರಿಸುತ್ತದೆ, ಎರಡನೆಯದು ಓದನ್ನೇ ಬಿಗಿಗೊಳಿಸುತ್ತದೆ. ಹೆಚ್ಚಿನ ಕೋರ್ಸುಗಳಲ್ಲಿ ಸೀಟು ಉಳಿಸಿಕೊಳ್ಳಲು ಕನಿಷ್ಠ ಜಿಪಿಎ, ಕೆಲವೆಡೆ ಎಂಕ್ಯಾಟ್ ಅಂಕದ ಷರತ್ತೂ ಇರುತ್ತದೆ. ಬೇರೆ ವೈದ್ಯಕೀಯ ಶಾಲೆಗೂ ಅರ್ಜಿ ಹಾಕಿದರೆ ಕಾದಿರಿಸಿದ ಸೀಟು ಹೋಗುತ್ತದೆ ಎಂಬ ನಿಯಮವೂ ಕೆಲವೆಡೆ ಇದೆ. ಅದನ್ನು ಬರಹದಲ್ಲಿ ಓದಿಯೇ ಸಹಿ ಹಾಕಬೇಕು.

ಇಂಥ ಕೋರ್ಸನ್ನು ಒಪ್ಪಿಕೊಳ್ಳುವ ಮುನ್ನ ಒಂದು ಸರಳ ಪರೀಕ್ಷೆ ಸಾಕು. ವೈದ್ಯಕೀಯ ಸೀಟಿನ ಭರವಸೆ ಇಲ್ಲದಿದ್ದರೂ ಮಗು ಆ ಕಾಲೇಜಿಗೆ ಸಂತೋಷದಿಂದ ಸೇರುತ್ತಿತ್ತೇ? ಹೌದಾದರೆ ಸೇರಬಹುದು. ಇಲ್ಲವಾದರೆ, ಎರಡು ವರ್ಷದ ನಂತರ ವೈದ್ಯಕೀಯ ಬೇಡವೆನಿಸಿದಾಗ ಕೈಯಲ್ಲಿ ಉಳಿಯುವುದು ತನಗೆ ಇಷ್ಟವಿಲ್ಲದ ಕಾಲೇಜಿನ ಅರ್ಧ ಪದವಿ. ಈ ದಾರಿ ಸಿಗದವರಿಗೆ ನಡುವಿನ ದಾರಿಯೊಂದಿದೆ. ಕೆಲವು ವೈದ್ಯಕೀಯ ಶಾಲೆಗಳು ಪದವಿಯ ಎರಡನೆಯ ವರ್ಷದಲ್ಲೇ ಅರ್ಜಿ ತೆಗೆದುಕೊಂಡು ಸೀಟಿನ ಭರವಸೆ ಕೊಡುತ್ತವೆ. ಮೌಂಟ್ ಸೈನಾಯ್‌ನ ಐಕಾನ್ ಶಾಲೆಯ ಫ್ಲೆಕ್ಸ್‌ಮೆಡ್ ಇವುಗಳಲ್ಲಿ ಹೆಸರಾದದ್ದು, ಅದಕ್ಕೂ ಎಂಕ್ಯಾಟ್ ಬೇಕಿಲ್ಲ. ಹತ್ತೊಂಬತ್ತರ ಆ ತೀರ್ಮಾನ ಹದಿನೇಳರದಕ್ಕಿಂತ ಹೆಚ್ಚು ಗಟ್ಟಿ ಎಂದು ನನಗೆ ಅನಿಸುತ್ತದೆ.

ಯಾವ ಮೇಜರ್

ವೈದ್ಯಕೀಯ ಶಾಲೆಗಳು ಸಾಮಾನ್ಯವಾಗಿ ಪ್ರಯೋಗಾಲಯ ಸಹಿತ ಒಂದೊಂದು ವರ್ಷದ ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರ, ಜೊತೆಗೆ ಜೀವರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ, ಇಂಗ್ಲಿಷ್ ಬರವಣಿಗೆಯ ಕೋರ್ಸುಗಳನ್ನು ಕೇಳುತ್ತವೆ. ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಎಪಿ ಕೋರ್ಸುಗಳ ಅಂಕಗಳನ್ನು ಇವುಗಳ ಬದಲಿಗೆ ಎಲ್ಲ ಶಾಲೆಗಳೂ ಒಪ್ಪುವುದಿಲ್ಲ, ಹಾಗಾಗಿ ಎಪಿಯಿಂದ ಬಿಟ್ಟ ವಿಷಯದಲ್ಲಿ ಮೇಲಿನ ಹಂತದ ಒಂದು ಕೋರ್ಸು ಮಾಡಿಕೊಳ್ಳುವುದು ಕ್ಷೇಮ. ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಜೀವವಿಜ್ಞಾನದವರು. ಆದರೆ ಮಾನವಿಕ ವಿಷಯಗಳನ್ನು ಓದಿ ಅರ್ಜಿ ಹಾಕಿದವರು ಸೀಟು ಪಡೆಯುವ ಪ್ರಮಾಣ ಅವರಿಗಿಂತ ಕಡಿಮೆಯಿಲ್ಲ.

ಜೀವಶಾಸ್ತ್ರದ ಅನುಕೂಲ ಸರಳ: ಬೇಕಾದ ಕೋರ್ಸುಗಳೇ ಮೇಜರ್ ಕೂಡ ಆಗಿರುತ್ತವೆ. ಅದರ ತೊಂದರೆ ಎಂದರೆ, ವೈದ್ಯಕೀಯ ಸೀಟು ಸಿಗದಿದ್ದಾಗ ಬರಿಯ ಜೀವಶಾಸ್ತ್ರ ಪದವಿಗೆ ಉದ್ಯೋಗದ ಬಾಗಿಲುಗಳು ಕಡಿಮೆ. ಸಂಖ್ಯಾಶಾಸ್ತ್ರ ಅಥವಾ ಕಂಪ್ಯೂಟರ್ ವಿಜ್ಞಾನವನ್ನು ಮೈನರ್, ಅಂದರೆ ಉಪವಿಷಯವಾಗಿ ಸೇರಿಸಿಕೊಂಡರೆ ಆ ಚಿಂತೆ ಬಹುಮಟ್ಟಿಗೆ ನೀಗುತ್ತದೆ. ಬಯೋಮೆಡಿಕಲ್ ಎಂಜಿನಿಯರಿಂಗ್ ಓದಿದರೆ ಡಾಕ್ಟರೂ ಆಗಬಹುದು, ಇಲ್ಲದಿದ್ದರೆ ಎಂಜಿನಿಯರೂ ಆಗಬಹುದು ಎಂಬ ಲೆಕ್ಕಾಚಾರ ನಮ್ಮ ಮನೆಗಳಲ್ಲಿ ಬಲವಾಗಿದೆ. ಅದರಲ್ಲಿ ಸತ್ಯಾಂಶವಿದೆ, ಆದರೆ ಎಂಜಿನಿಯರಿಂಗ್ ಕೋರ್ಸುಗಳ ಮೇಲೆ ಸಾವಯವ ರಸಾಯನಶಾಸ್ತ್ರವನ್ನೂ ಹೇರಿಕೊಂಡ ವಿದ್ಯಾರ್ಥಿಗೆ ಆಸ್ಪತ್ರೆಗೆ ಹೋಗಲು ಸಮಯ ಉಳಿಯುವುದಿಲ್ಲ, ಜಿಪಿಎ 3.4ಕ್ಕೆ ಇಳಿದರೆ ಎಂಜಿನಿಯರಿಂಗ್ ಎಂಬ ಕಾರಣಕ್ಕೆ ಅದನ್ನು ಯಾರೂ 3.8 ಎಂದು ಓದುವುದಿಲ್ಲ. ಎಂಜಿನಿಯರಿಂಗ್‌ನಲ್ಲಿ ನಿಜವಾದ ಪ್ರೀತಿ ಇದ್ದವರು ಮಾತ್ರ ಅದನ್ನು ಆರಿಸಬೇಕು. ಇತಿಹಾಸ, ತತ್ತ್ವಶಾಸ್ತ್ರ, ಸಾಹಿತ್ಯದಂಥ ವಿಷಯಗಳನ್ನು ನಮ್ಮವರು ಎತ್ತುವ ಮೊದಲೇ ತಳ್ಳಿಹಾಕುತ್ತಾರೆ. ಎಂಕ್ಯಾಟ್‌ನ ನಾಲ್ಕು ಭಾಗಗಳಲ್ಲಿ ಒಂದಾದ ಕಾರ್ಸ್, ಕೊಟ್ಟ ಗದ್ಯಭಾಗಗಳನ್ನು ಓದಿಸಿ 90 ನಿಮಿಷದಲ್ಲಿ 53 ಪ್ರಶ್ನೆಗಳನ್ನು ಕೇಳುತ್ತದೆ. ಅದಕ್ಕೆ ವಿಜ್ಞಾನದ ಪಾಠ ಓದಿ ಪ್ರಯೋಜನವಿಲ್ಲ, ಅಪರಿಚಿತ ಗದ್ಯವನ್ನು ವರ್ಷಗಟ್ಟಲೆ ನಿಧಾನವಾಗಿ ಓದಿದ ಅಭ್ಯಾಸವೇ ಕೈಹಿಡಿಯುವುದು.

ನೇರವಾಗಿ ಅರ್ಜಿಯೋ, ಒಂದು ವರ್ಷ ಬಿಡುವೋ

ಪದವಿ ಮುಗಿದ ಆಗಸ್ಟ್‌ನಲ್ಲೇ ವೈದ್ಯಕೀಯ ಶಾಲೆ ಸೇರಬೇಕಾದರೆ ಅದಕ್ಕಿಂತ ಒಂದು ವರ್ಷ ಮೊದಲು, ಮೂರನೆಯ ವರ್ಷ ಮುಗಿದ ಬೇಸಿಗೆಯಲ್ಲೇ ಅರ್ಜಿ ಹೋಗಬೇಕು. ಆಮ್‌ಕ್ಯಾಸ್ ಮೇ ಆರಂಭದಲ್ಲಿ ತೆರೆಯುತ್ತದೆ, ಸಲ್ಲಿಕೆ ಮೇ ಕೊನೆ ಅಥವಾ ಜೂನ್ ಆರಂಭದಿಂದ. ನಂತರ ಪ್ರತಿ ಶಾಲೆಯ ಪ್ರತ್ಯೇಕ ಪ್ರಬಂಧಗಳು, ಶರತ್ಕಾಲದಿಂದ ಮುಂದಿನ ವಸಂತದವರೆಗೆ ಸಂದರ್ಶನಗಳು. ಬಹಳಷ್ಟು ಶಾಲೆಗಳು ಬಂದ ಹಾಗೆಯೇ ಅರ್ಜಿಗಳನ್ನು ನೋಡುತ್ತ ಸೀಟು ತುಂಬುವುದರಿಂದ ತಡವಾದ ಅರ್ಜಿ ಎಷ್ಟೇ ಚೆನ್ನಾಗಿದ್ದರೂ ನಷ್ಟವೇ. ಅಂದರೆ, ನೇರ ದಾರಿ ಹಿಡಿದವರು ಮೂರೇ ವರ್ಷದಲ್ಲಿ ಕೋರ್ಸುಗಳು, ಏಳೂವರೆ ಗಂಟೆ ಹಿಡಿಯುವ ಎಂಕ್ಯಾಟ್, ಸಂಶೋಧನೆ, ಸೇವೆ, ಆಸ್ಪತ್ರೆಯ ಅನುಭವ, 5,300 ಅಕ್ಷರಗಳ ವೈಯಕ್ತಿಕ ಪ್ರಬಂಧ, ಎಲ್ಲವನ್ನೂ ಮುಗಿಸಿರಬೇಕು.

ಇಂದು ಎಂ.ಡಿ. ಶಾಲೆ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪದವಿಯ ನಂತರ ಕನಿಷ್ಠ ಒಂದು ವರ್ಷ ಬಿಡುವು ತೆಗೆದುಕೊಂಡವರು. ಇದು ಸೋತವರ ದಾರಿ ಎಂಬ ಭಾವನೆ ನಮ್ಮ ಪೋಷಕರಲ್ಲಿ ಇನ್ನೂ ಹೋಗಿಲ್ಲ. ಕನ್ನಡ ಕೂಟದ ಊಟದ ಸಾಲಿನಲ್ಲಿ ಯಾರೋ, ಮಗಳು ಈಗ ಏನು ಮಾಡುತ್ತಿದ್ದಾಳೆ ಎಂದು ಕೇಳಿದಾಗ ಉತ್ತರಿಸಲು ತಡವರಿಸುವ ತಾಯ್ತಂದೆಯರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ಒಂದು ವರ್ಷದಿಂದ ಸಿಗುವುದನ್ನು ನೋಡಿ: ನಾಲ್ಕನೆಯ ವರ್ಷದ ಗ್ರೇಡುಗಳೂ ಅರ್ಜಿಯಲ್ಲಿ ಸೇರುತ್ತವೆ, ಎಂಕ್ಯಾಟ್‌ಗೆ ತರಗತಿಯ ಹೊರೆಯಿಲ್ಲದ ಒಂದು ಬೇಸಿಗೆ ಸಿಗುತ್ತದೆ, ವೈದ್ಯರ ಜೊತೆ ಟಿಪ್ಪಣಿ ಬರೆಯುವ ಸ್ಕ್ರೈಬ್ ಆಗಿಯೋ, ಆಂಬ್ಯುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ನೀಡುವ ಇಎಂಟಿಯಾಗಿಯೋ, ಪ್ರಯೋಗಾಲಯದಲ್ಲಿ ಸಹಾಯಕರಾಗಿಯೋ ಸಂಬಳಕ್ಕೆ ಕೆಲಸ ಮಾಡಿದ ಅನುಭವ ದಕ್ಕುತ್ತದೆ. 26 ವರ್ಷದವರೆಗೆ ಪೋಷಕರ ಆರೋಗ್ಯ ವಿಮೆಯಲ್ಲೇ ಮುಂದುವರಿಯಬಹುದು. ಅರೆಬರೆ ಅರ್ಜಿಯನ್ನು ಅವಸರದಲ್ಲಿ ಕಳಿಸಿ, ಎಲ್ಲೂ ಸಿಗದೆ, ಮರುವರ್ಷ ಮರು ಅರ್ಜಿದಾರ ಎಂಬ ಗುರುತಿನೊಂದಿಗೆ ಅದೇ ಶಾಲೆಗಳ ಮುಂದೆ ನಿಂತಾಗಲೂ ಕಳೆಯುವುದು ಅದೇ ಒಂದು ವರ್ಷ, ಜೊತೆಗೆ ಸಾವಿರಾರು ಡಾಲರ್ ಅರ್ಜಿ ಶುಲ್ಕ.

ಹಾಗಾದರೆ ನೇರವಾಗಿ ಹೋಗಬೇಕಾದವರು ಯಾರು? ಮೂರನೆಯ ವರ್ಷದ ಏಪ್ರಿಲ್ ಹೊತ್ತಿಗೆ ಜಿಪಿಎ ಗಟ್ಟಿಯಾಗಿದ್ದು, ಅಭ್ಯಾಸ ಪರೀಕ್ಷೆಗಳಲ್ಲಿ ಎಂಕ್ಯಾಟ್ ಗುರಿ ಮುಟ್ಟಿದ್ದು, ಒಂದೆರಡು ವರ್ಷ ಬಿಡದೆ ನಡೆಸಿದ ಆಸ್ಪತ್ರೆಯ ಕೆಲಸ ಇದ್ದವರು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಕಾಯುವುದು ಲೇಸು. ಹೇಗಾಗುತ್ತದೋ ನೋಡೋಣ ಎಂದು ಎಂಕ್ಯಾಟ್ ಬರೆಯಬಾರದು. ವರ್ಷಕ್ಕೆ ಮೂರು, ಎರಡು ವರ್ಷದಲ್ಲಿ ನಾಲ್ಕು, ಜೀವನದಲ್ಲಿ ಏಳು ಎಂಬ ಮಿತಿಯಿದೆ, ಮತ್ತು ಬರೆದ ಅಂಕಗಳೆಲ್ಲ ಶಾಲೆಗಳಿಗೆ ಕಾಣುತ್ತವೆ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬಂಧುಗಳ ಆಸ್ಪತ್ರೆಯಲ್ಲಿ ಬೇಸಿಗೆಯ ಎರಡು ವಾರ ನಿಂತು ನೋಡಿದ್ದು ಸಾಕಾಗುತ್ತದೆಯೇ ಎಂದು ಕೇಳುವವರಿದ್ದಾರೆ. ಮಗುವಿನ ತಿಳಿವಳಿಕೆಗೆ ಅದು ಒಳ್ಳೆಯದೇ, ಆದರೆ ಅರ್ಜಿಯಲ್ಲಿ ಅದರ ತೂಕ ಕಡಿಮೆ. ತರಬೇತಿಯಿಲ್ಲದೆ ಅಲ್ಲಿ ಹೊಲಿಗೆ ಹಾಕಿದ್ದನ್ನೋ ಇಂಜೆಕ್ಷನ್ ಕೊಟ್ಟಿದ್ದನ್ನೋ ಬರೆದರೆ ಅದು ನೇರವಾಗಿ ಹಾನಿ ಮಾಡುತ್ತದೆ. ಕೊನೆಯ ದಿನಗಳಲ್ಲಿರುವ ರೋಗಿಗಳನ್ನು ನೋಡಿಕೊಳ್ಳುವ, ಮನೆಯ ಹತ್ತಿರದ ಹಾಸ್ಪೀಸ್‌ನಲ್ಲಿ ವಾರಕ್ಕೆ ನಾಲ್ಕು ಗಂಟೆಯಂತೆ ಎರಡು ವರ್ಷ ಮಾಡಿದ ಸೇವೆ ಇದಕ್ಕಿಂತ ಎಷ್ಟೋ ಮೇಲು. ಕಾಯಿಲೆ ಮತ್ತು ಸಾವಿನ ನಡುವೆ ಕೆಲಸ ಮಾಡಲು ತನಗೆ ನಿಜವಾಗಿ ಮನಸ್ಸಿದೆಯೇ ಎಂಬುದು ವಿದ್ಯಾರ್ಥಿಗೆ ಗೊತ್ತಾಗುವುದೂ ಅಲ್ಲೇ.

ಎಚ್-4 ವೀಸಾದ ಮಕ್ಕಳ ಲೆಕ್ಕ ಬೇರೆ

ಮೇಲೆ ಹೇಳಿದ್ದೆಲ್ಲ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಅನ್ವಯಿಸುತ್ತದೆ. ಎಚ್-1ಬಿ ಕೆಲಸದ ವೀಸಾದಲ್ಲಿ ಬಂದು ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ಕಾಯುತ್ತಿರುವ ಕುಟುಂಬಗಳ ಮಕ್ಕಳು 21 ತುಂಬಿದಾಗ ತಮ್ಮ ಅವಲಂಬಿತ ವೀಸಾ ಎಚ್-4 ಕಳೆದುಕೊಂಡು ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗಬೇಕಾಗುತ್ತದೆ. ಆ ವಯಸ್ಸು ಬರುವುದು ಸರಿಯಾಗಿ ಪ್ರೀಮೆಡ್ ಓದಿನ ನಡುವೆ. ಹಲವು ವೈದ್ಯಕೀಯ ಶಾಲೆಗಳು ವಿದೇಶಿ ವಿದ್ಯಾರ್ಥಿಗಳ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳುವ ಕೆಲವು ಶಾಲೆಗಳು ಹಲವು ವರ್ಷಗಳ ಶುಲ್ಕವನ್ನು ಮುಂಗಡವಾಗಿ ಖಾತೆಯಲ್ಲಿ ಇಡಲು ಕೇಳುತ್ತವೆ. ಫೆಡರಲ್ ಸಾಲವೂ ಇವರಿಗೆ ಇಲ್ಲ. ಬಿಡುವಿನ ವರ್ಷವನ್ನು, ಓದು ಮುಗಿಸಿದವರಿಗೆ ಕೆಲಸ ಮಾಡಲು ಎಫ್-1 ಕೊಡುವ ಒಪಿಟಿ ಅವಧಿಯಲ್ಲಿ ಕಳೆಯಬಹುದು, ಆದರೆ ಕೆಲಸ ಓದಿದ ವಿಷಯಕ್ಕೆ ಸಂಬಂಧಿಸಿರಬೇಕು. ಈ ಮಕ್ಕಳಿಗೆ ಮೇಜರ್ ಆಯ್ಕೆಯಲ್ಲಿ ಉದ್ಯೋಗದ ಭದ್ರತೆ ಮೊದಲು ಬರಬೇಕು ಎಂದು ನಾನು ಒತ್ತಿ ಹೇಳುತ್ತೇನೆ; ಮೇಲೆ ಎಂಜಿನಿಯರಿಂಗ್ ಬಗ್ಗೆ ಹೇಳಿದ ಎಚ್ಚರಿಕೆ ಇವರ ವಿಷಯದಲ್ಲಿ ಸಡಿಲವಾಗುತ್ತದೆ.

ಇವರಲ್ಲಿ ಹಲವರು ಊರಿನ ಎಂಬಿಬಿಎಸ್ ಕಡೆ ನೋಡುವುದು ಸಹಜ. ಅದಕ್ಕೆ ನೀಟ್ ಕಡ್ಡಾಯ, ಮತ್ತು ನೀಟ್ ಪಠ್ಯಕ್ಕೂ ಅಮೆರಿಕದ ಹೈಸ್ಕೂಲ್ ಪಠ್ಯಕ್ಕೂ ದೊಡ್ಡ ಅಂತರವಿದೆ. ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡನ್ನು 2021ರ ಮಾರ್ಚ್ 4ರ ನಂತರ ಪಡೆದ ಮಕ್ಕಳನ್ನು ಆ ದಿನದ ಕೇಂದ್ರ ಅಧಿಸೂಚನೆ ಎನ್‌ಆರ್‌ಐ ಸೀಟುಗಳಿಗೆ ಸೀಮಿತಗೊಳಿಸಿದೆ, ಅಲ್ಲಿ ಶುಲ್ಕ ದುಬಾರಿ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಓದಿ ಅಮೆರಿಕಕ್ಕೆ ಮರಳಬೇಕಾದರೆ ಅಲ್ಲಿನ ವೈದ್ಯರ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇ ಬರೆದು ರೆಸಿಡೆನ್ಸಿಗೆ ಸ್ಪರ್ಧಿಸಬೇಕು. ರೆಸಿಡೆನ್ಸಿ ಸ್ಥಾನಗಳನ್ನು ಹಂಚುವ ವಾರ್ಷಿಕ ಪ್ರಕ್ರಿಯೆಯಾದ ಮ್ಯಾಚ್‌ನಲ್ಲಿ 2024ರಲ್ಲಿ ಅಮೆರಿಕದ ಎಂ.ಡಿ. ವಿದ್ಯಾರ್ಥಿಗಳಲ್ಲಿ ಸುಮಾರು 93 ಶೇಕಡಾ ಮಂದಿಗೆ ಸ್ಥಾನ ಸಿಕ್ಕರೆ, ವಿದೇಶದಲ್ಲಿ ಓದಿದ ಅಮೆರಿಕನ್ ನಾಗರಿಕರಲ್ಲಿ ಸಿಕ್ಕಿದ್ದು 67 ಶೇಕಡಾ, ನಾಗರಿಕರಲ್ಲದವರಲ್ಲಿ 60ಕ್ಕಿಂತ ಸ್ವಲ್ಪ ಕಡಿಮೆ. ಭಾರತದಲ್ಲೇ ವೈದ್ಯರಾಗಿ ಉಳಿಯಲೂ ಮನಸ್ಸಿದ್ದವರಿಗೆ ಇದು ಒಳ್ಳೆಯ ದಾರಿ. ಹಾಗಿದ್ದರೆ ಹೈಸ್ಕೂಲ್ ಮುಗಿದಾಗಲೇ ಹೋಗಬೇಕು, ಅಮೆರಿಕದಲ್ಲಿ ಮೂರು ವರ್ಷ ಪದವಿ ಓದಿದ ಮೇಲಲ್ಲ.

ಎಂ.ಡಿ., ಡಿ.ಒ., ಕೆರಿಬಿಯನ್

ಕೊನೆಯ ಕವಲು ಅರ್ಜಿಯ ಪಟ್ಟಿಯದು. ಆಸ್ಟಿಯೋಪಥಿಕ್ ಪದ್ಧತಿಯ ಡಿ.ಒ. ಪದವಿಯನ್ನು ನಮ್ಮ ಜನ ಎರಡನೆಯ ದರ್ಜೆಯದೆಂದು ಭಾವಿಸುವುದು ಅನ್ಯಾಯ. 1892ರಲ್ಲಿ ಮಿಸೂರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಶಾಲೆ ತೆರೆದಾಗಿನ ಸ್ಥಿತಿ ಏನೇ ಇರಲಿ, ಇಂದು ಡಿ.ಒ. ವೈದ್ಯರು ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಔಷಧ ಬರೆಯುತ್ತಾರೆ, ಶಸ್ತ್ರಚಿಕಿತ್ಸೆ ಮಾಡುತ್ತಾರೆ. 2020ರಲ್ಲಿ ಎರಡೂ ಪದವಿಗಳ ರೆಸಿಡೆನ್ಸಿ ಮಾನ್ಯತೆ ಒಂದೇ ವ್ಯವಸ್ಥೆಯಡಿ ಬಂತು. 2024ರ ಮ್ಯಾಚ್‌ನಲ್ಲಿ ಡಿ.ಒ. ವಿದ್ಯಾರ್ಥಿಗಳಲ್ಲಿ 92 ಶೇಕಡಾ ಮಂದಿಗೆ ಸ್ಥಾನ ಸಿಕ್ಕಿತು. ಚರ್ಮರೋಗ, ನರಶಸ್ತ್ರಚಿಕಿತ್ಸೆಯಂಥ ಬಿಗಿ ಪೈಪೋಟಿಯ ವಿಭಾಗಗಳು ಅವರಿಗೆ ಇನ್ನೂ ಕಷ್ಟ, ಮತ್ತು ಹಲವರು ತಮ್ಮ ಪರವಾನಗಿ ಪರೀಕ್ಷೆಯಾದ ಕಾಮ್‌ಲೆಕ್ಸ್ ಜೊತೆಗೆ ಯುಎಸ್‌ಎಂಎಲ್‌ಇಯನ್ನೂ ಬರೆಯುತ್ತಾರೆ. ಕುಟುಂಬ ವೈದ್ಯಕೀಯ, ಮಕ್ಕಳ ವೈದ್ಯಕೀಯ, ಇಂಟರ್ನಲ್ ಮೆಡಿಸಿನ್ ಬಯಸುವವರಿಗೆ ಈ ವ್ಯತ್ಯಾಸ ಬಹಳ ಸಣ್ಣದು.

ಗ್ರೆನೇಡಾ, ಬಾರ್ಬೆಡೋಸ್‌ನಂಥ ದ್ವೀಪಗಳ ಶಾಲೆಗಳಲ್ಲಿ ಸೀಟು ಸುಲಭವಾಗಿ ಸಿಗುತ್ತದೆ. ಅಲ್ಲಿ ಓದಿ ಒಳ್ಳೆಯ ವೈದ್ಯರಾದವರು ಅನೇಕರಿದ್ದಾರೆ. ಆದರೆ ಮೇಲೆ ಹೇಳಿದ 67 ಶೇಕಡಾದ ಗುಂಪಿನಲ್ಲಿ ಇವರೂ ಸೇರಿದ್ದಾರೆ, ಮತ್ತು ಆ ಸಂಖ್ಯೆ ಮ್ಯಾಚ್‌ವರೆಗೆ ಬಂದವರದು. ನಡುವೆ ಬಿಟ್ಟುಹೋದವರು ಅದರಲ್ಲಿಲ್ಲ, ಅವರ ಸಾಲ ಮಾತ್ರ ಅವರ ಮೇಲೆಯೇ ಇರುತ್ತದೆ. ಹಾಗಾಗಿ ಮೊದಲ ಸುತ್ತಿನಲ್ಲೇ ಎಂ.ಡಿ. ಜೊತೆಗೆ ಡಿ.ಒ. ಶಾಲೆಗಳಿಗೂ ಅರ್ಜಿ ಹಾಕಬೇಕು. ಎರಡೂ ಸಿಗದಿದ್ದರೆ ಕೊರತೆ ಎಲ್ಲಿತ್ತೆಂದು ನೋಡಿಕೊಳ್ಳಬೇಕು: ಜಿಪಿಎ ಕಡಿಮೆಯಿದ್ದರೆ ಪದವಿಯ ನಂತರ ಓದುವ ಪೋಸ್ಟ್-ಬ್ಯಾಕ್ ಕೋರ್ಸುಗಳು, ಎಂಕ್ಯಾಟ್ ಕಡಿಮೆಯಿದ್ದರೆ ಹೊಸದಾಗಿ ಪರೀಕ್ಷೆ, ಅನುಭವ ಕಡಿಮೆಯಿದ್ದರೆ ಒಂದು ವರ್ಷದ ಕೆಲಸ, ಆಮೇಲೆ ಮರು ಅರ್ಜಿ. ಇಷ್ಟೆಲ್ಲ ಮಾಡಿದ ಮೇಲೂ ಬಾಗಿಲು ತೆರೆಯದಿದ್ದಾಗ ಮಾತ್ರ ಕೆರಿಬಿಯನ್ ಶಾಲೆಯ ಪ್ರಸ್ತಾಪ ಬರಬೇಕು. ಆಗಲೂ ಆ ಶಾಲೆ ಸೇರಿದವರಲ್ಲಿ ಎಷ್ಟು ಮಂದಿ ನಾಲ್ಕು ವರ್ಷದಲ್ಲಿ ಪದವಿ ಪಡೆದರು ಎಂಬ ಲೆಕ್ಕವನ್ನು ಲಿಖಿತವಾಗಿ ಕೇಳಿ ಪಡೆದ ನಂತರವೇ ಶುಲ್ಕ ಕಟ್ಟಬೇಕು.